ಗಡಿಯಾರದ ಭಾವನ ಮೂಕ ಚಿಪ್

ನಮ್ಮ ಭಾವ ಯಾವ ವಸ್ತುವನ್ನೂ ಮೊದಲು ನೋಡುವವರಲ್ಲ, ಕಿವಿಗೆ ಹಿಡಿಯುವವರು. ನಲವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದ ಅಭ್ಯಾಸ. ಟಾರ್ಚು ಕೊಟ್ಟರೂ ಕಿವಿಗೆ, ಬೀಗ ಕೊಟ್ಟರೂ ಕಿವಿಗೆ, ಒಮ್ಮೆ ನಾನು ಕೊಟ್ಟ ಮದುವೆ ಕಾಗದವನ್ನೂ ಅರೆಕ್ಷಣ ಕಿವಿಯ ಬಳಿ ಹಿಡಿದು ಆಮೇಲೆ ತಾವೇ ನಾಚಿದರು. ಹಣೆಯ ಮೇಲೆ ಭೂತಗನ್ನಡಿ, ಮೊಣಕೈ ಸವೆದ ಬೂದು ಕೋಟು, ಅದರ ಎಡಜೇಬಿನಲ್ಲಿ ಬಿಚ್ಚಿದ ಸ್ಕ್ರೂ, ಬಲಜೇಬಿನಲ್ಲಿ ಹಾಕಬೇಕಾದ ಸ್ಕ್ರೂ. ನಡೆದರೆ ಎರಡೂ ಕಡೆ ಕಿಣಿಕಿಣಿ. ಅವರು ಬರುವುದು ಬೀದಿಗೆಲ್ಲ ಗೊತ್ತಾಗುತ್ತಿತ್ತು, ನಮ್ಮ ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕ ಬಟ್ಟೆ ಹೊಲಿಯುವವಳು. ಅರವತ್ತು ದಾಟಿದ ಮೇಲೆ ಕಿವಿ ಪೂರ್ತಿ ಕೈಕೊಟ್ಟಿತು. ಗಿರಾಕಿಗಳು ಬೆಲ್ ಒತ್ತಿ ಒತ್ತಿ ತಿರುಗಿಹೋಗತೊಡಗಿದರು. ಬೆಲ್ ಒತ್ತಿದರೆ ಹತ್ತುವ ದೀಪ ಹಾಕಿದ್ದಾಯಿತು, ಸೂಜಿಯ ಮೇಲೆ ಕಣ್ಣಿಟ್ಟವಳು ದೀಪ ನೋಡುವುದೆಲ್ಲಿ ಬಂತು? ಮೋಟರ್ ವೈಂಡಿಂಗ್ ಮಾಡಿ ಬದುಕಿದವನು ನಾನು, ಯಾವ ಶಾಲೆಯ ಹಂಗೂ ಇಲ್ಲದೆ ಪಳಗಿದ ಕೈ. ಹಳೆ ಮೊಬೈಲಿನ ನಡುಗುವ ಮೋಟರನ್ನು ಅವಳ ಸ್ಟೂಲಿನ ಕೆಳಗೆ ಬಿಗಿದು ಬೆಲ್ಲಿನ ತಂತಿ ಕೊಟ್ಟೆ. ಹೊಲಿಗೆ ಯಂತ್ರದ ನಡುಕದ ಮುಂದೆ ಅದು ಆನೆಯ ಬೆನ್ನಿಗೆ ಇರುವೆ ಕಡಿದಂತಾಯಿತು. ಸಮವಸ್ತ್ರದ ದೊಡ್ಡ ಕೆಲಸ ತಂದವನೂ ವಾಪಸು ಹೋದ ದಿನ ಅಕ್ಕ ಯಂತ್ರಕ್ಕೆ ಮುಸುಕು ಹಾಕಿ, "ಈ ತಿಂಗಳು ನೋಡ್ತೀನಿ. ಆಮೇಲೆ ಇದನ್ನ ಯಾರಿಗಾದ್ರೂ ಕೊಟ್ಬಿಡಿ" ಅಂದಳು.

"ಬರೀ ನಡುಕ ಸಾಲದು ಕಣಯ್ಯ, ತಾಳ ಬೇಕು," ಅಂದರು ಭಾವ. "ಎರಡು ಗಿಡ್ಡ, ಒಂದು ಉದ್ದ."

ಮೋಟರನ್ನು ಆಡಿಸುವ, ಉಗುರಿನಷ್ಟಗಲದ ಚಿಪ್‌ಗೆ ಆ ತಾಳ ಹೇಳಿಕೊಡಲು ಎಪ್ಪತ್ತರ ಮನುಷ್ಯ ಅಂಗಡಿಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಬರೆದ ಸಾಲುಗಳನ್ನು ಚಿಪ್‌ನ ಭಾಷೆಗೆ ಇಳಿಸುವ ತಂತ್ರಾಂಶ ಒಂದು, ಅದನ್ನು ಒಳಗೆ ಸಾಗಿಸುವುದು ಇನ್ನೊಂದು. ನಡುವೆ ಬೆಂಕಿಪೊಟ್ಟಣದಷ್ಟಿರುವ, ಪ್ರೋಗ್ರಾಮರ್ ಎಂಬ ಸಾಧನ, ಅದರಿಂದ ಹೊರಟ ಆರು ತಂತಿ. ಮೊದಲ ಕೇಬಲ್ ಚಾರ್ಜು ಮಾಡಲು ಮಾತ್ರ ಲಾಯಕ್ಕೆಂದು ತಿಳಿಯಲು ಎರಡು ದಿನ ಹೋಯಿತು. ಇಂಗ್ಲಿಷಿನ ಪ್ರತಿ ಆಜ್ಞೆಯನ್ನೂ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ 'ಕೇಳಿತು', 'ಕೇಳಲಿಲ್ಲ' ಎಂದು ಬರೆಯುತ್ತಿದ್ದರು.

ಒಂದು ಮಧ್ಯಾಹ್ನ ಚಿಪ್ ಹೇಳಿದ ಮಾತು ಕೇಳಿತು, ಅದಕ್ಕೆ ಕಟ್ಟಿದ ಸಣ್ಣ ದೀಪ ಮಿನುಗಿತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಚಿಪ್‌ನ ಎದೆಬಡಿತ ಎಲ್ಲಿಂದ ಬರಬೇಕೆಂದು ಆರಿಸುವ ಒಂದು ಪಟ್ಟಿಯಿದೆ. ಅದಕ್ಕೆ ಹುಟ್ಟಿನಿಂದಲೇ ಒಳಗೊಂದು ಬಡಿತ ಇರುತ್ತದೆ. ಮುಟ್ಟದಿದ್ದರೆ ಅದೇ ಸಾಕು. ಆದರೆ ಆ ಪಟ್ಟಿಯಲ್ಲಿ ಭಾವನ ಕಣ್ಣಿಗೆ ಗಡಿಯಾರಕ್ಕೆ ಬಡಿತ ಕೊಡುವ ಕ್ವಾರ್ಟ್ಜ್ ಹರಳು ಬಿತ್ತು. ಪರವೂರಿನಲ್ಲಿ ನೆಂಟ ಸಿಕ್ಕಂತೆ ಹಿಗ್ಗಿ ಅದನ್ನೇ ಆರಿಸಿದರು. ಚಿಪ್ ಮೂಕಾಯಿತು. ಮಾಲೇ ಕೆಟ್ಟದ್ದೆಂದು ಎರಡನೆಯದನ್ನು ಹಾಕಿದರು. ಅದೂ ಅಷ್ಟೆ. ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು; ಬೇರೆ ಚಿಪ್ ಇರಲಿಲ್ಲ.

"ಏನ್ ಭಾವ, ಇದಕ್ಕೂ ಮುನಿಸಾ? ಬಿಸಾಕಿ ಅತ್ಲಾಗೆ," ಅಂದೆ.

ಅವರು ಚಿಪ್ ಅನ್ನು ಕಿವಿಗೆ ಹಿಡಿದರು. ನಾನು ನಗು ನುಂಗಿಕೊಂಡೆ. ಆಮೇಲೆ ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿ, "ಹರಳಿನ ಮಾತು ಕೇಳು ಅಂತ ಹೇಳ್ದೆ, ಹರಳೇ ಕೊಡ್ಲಿಲ್ಲ. ಪಾಪ, ಕಾಯ್ತಾ ಕೂತಿದೆ," ಅಂದರು.

ಸತ್ತ ಗೋಡೆ ಗಡಿಯಾರದಿಂದ ಅಕ್ಕಿಕಾಳಿನಷ್ಟು ಹರಳನ್ನು ಬಿಡಿಸಿ ಬೆಸೆದರು. ಆಗಲೂ ಉತ್ತರವಿಲ್ಲ. ಹರಳಿನ ಬಡಿತ ನಿಧಾನ, ಪ್ರೋಗ್ರಾಮರ್ ಮಾತಾಡುವ ವೇಗ ಹೆಚ್ಚು ಎಂಬುದು ಮರುದಿನ ಹೊಳೆಯಿತು.

"ನೀನು ಬಡಬಡ ಮಾತಾಡಿ ನಿಮ್ಮಕ್ಕನಿಗೆ ತುಟಿ ಓದೋಕೇ ಬಿಡಲ್ವಲ್ಲ, ಹಾಗಾಗಿದೆ," ಎಂದು ನನ್ನನ್ನೇ ಚುಚ್ಚಿ, ವೇಗ ತಗ್ಗಿಸಿ ಮತ್ತೆ ಕೇಳಿದರು. ಚಿಪ್ ಬಾಯಿಬಿಟ್ಟಿತು. ಕೂಡಲೇ ಅದನ್ನು ಅದರ ಹುಟ್ಟುಬಡಿತಕ್ಕೆ ಮರಳಿಸಿ, ತಾಳ ತುಂಬಿ, ಹರಳನ್ನು ಕಿತ್ತಿಟ್ಟರು. ಕಸುಬಿನ ಹೆಮ್ಮೆಯನ್ನು ಅಷ್ಟು ಸಲೀಸಾಗಿ ಕಿತ್ತಿಡುವುದು ನನ್ನಿಂದಾಗದು.

ಚಿಪ್ ಅನ್ನು ಸ್ಟೂಲಿನ ಕೆಳಗಿನ ಮೋಟರಿಗೆ ಸೇರಿಸಿ, ಅಕ್ಕನ ಯಂತ್ರ ಓಡುತ್ತಿರುವಾಗಲೇ ನಾನು ಹೊರಗೆ ನಿಂತು ಮೂರು ಸಲ ಬೆಲ್ ಒತ್ತಿದೆ. ಅಕ್ಕ ಬಾಗಿಲು ತೆಗೆದು, "ಒಂದ್ಸಲ ಒತ್ತಿದ್ರೆ ಸಾಲ್ದಾ? ನಾನೇನು ಕಿವುಡೀನಾ?" ಅಂದು, ಹೊಲಿಗೆಗೆ ಮರಳಿದಳು.

ನನ್ನಂಥ ಕೆಲಸಗಾರರು ವಸ್ತು ಹಟ ಮಾಡಿದರೆ ಅದರ ಮೇಲೇ ಸಿಟ್ಟಾಗುತ್ತೇವೆ. ಭಾವನಂಥವರು ತಾವು ಕೇಳಿದ ರೀತಿಯನ್ನೇ ಅನುಮಾನಿಸುತ್ತಾರೆ. ಅವರ ಕೆಲಸ ಆಮೆಯ ನಡಿಗೆ, ಅವರೊಡನೆ ಬಾಳುವುದೂ ಒಂದಿಷ್ಟು ಬೇಸರವೇ. ಆದರೆ ಅಂಥವರಿರುವ ಮನೆಯಲ್ಲಿ ಯಾವುದೂ, ಯಾರೂ, ಕೆಟ್ಟುಹೋಯಿತೆಂದು ಬೇಗ ಮೂಲೆ ಸೇರುವುದಿಲ್ಲ.