ಸತ್ತ ರಾಣಿಗೆ ಕೇಳಿಸಿದ್ದು

ಆ ನಾಟಕ ಕಂಪನಿಯಲ್ಲಿ ರಾಜನಾಗಬೇಕಾದರೆ ಮೊದಲು ಸೇನಾಪತಿಯಾಗಬೇಕಿತ್ತು. ವರ್ಷಗಟ್ಟಲೆ ಅದೇ ನಾಟಕ: ಮುದಿ ರಾಜ, ಅವನಿಗಿಂತ ಮೊದಲೇ ಸಾಯುವ ರಾಣಿ, ಅವನ ಸಿಂಹಾಸನದ ಮೇಲೆ ಕಣ್ಣಿಟ್ಟ ಸೇನಾಪತಿ, ಕೊನೆಯಲ್ಲಿ ಕತ್ತಿ, ಪರದೆ. ಕತ್ತಿ ಮರದ್ದು, ಆಸೆ ಮಾತ್ರ ಅಪ್ಪಟ. ಸೇನಾಪತಿಯ ಪಾತ್ರದವನು ಆಟಕ್ಕೊಮ್ಮೆ ರಾಜನನ್ನು ಕೊಂದು ಕಿರೀಟ ಇಟ್ಟುಕೊಳ್ಳುತ್ತಾನೆ, ಪರದೆ ಬಿದ್ದ ಕೂಡಲೇ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾನೆ. ಹೀಗೆ ಕೊಟ್ಟು ಕೊಟ್ಟು ಕಿತ್ತುಕೊಂಡರೆ ಯಾರಿಗೆ ತಾನೇ ಬಾಯಲ್ಲಿ ನೀರೂರುವುದಿಲ್ಲ?

ಪಿಸುವಿಗೆ ಆ ಹೆಸರಿಟ್ಟವನು ಅವಳ ಅಣ್ಣ. ಆಗ ಕಂಪನಿಯ ರಾಜ ಅವನೇ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಬಣ್ಣದ ಪೆಟ್ಟಿಗೆಯ ಪಕ್ಕದಲ್ಲೇ ಮಲಗಿಸಿ ಬೆಳೆಸಿದವನು. ಕೊನೆಗೆ ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಸ್ಟೂಲು ಹಾಕಿ ಕೂರಿಸಿ, ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಡುವ ಕೆಲಸವನ್ನೂ ಅವನೇ ಕೊಡಿಸಿದ. ಆ ಕೆಲಸಕ್ಕೊಂದು ಕಟ್ಟುನಿಟ್ಟಿತ್ತು. ನಟ ಸುಮ್ಮನೆ ನಿಂತನೆಂದು ಮಾತು ಕೊಡಬಾರದು. ಅದು ನಟನೆಯೂ ಇದ್ದೀತು. ಎಡ ಹೆಗಲಿನ ಶಾಲು ಸರಿಮಾಡಿಕೊಂಡರೆ ಮಾತ್ರ ಮರೆತಿದ್ದಾನೆ ಎಂದರ್ಥ. ಆಗ ತಡಮಾಡಬಾರದು.

ಪಿಸು ಮದುವೆಯಾದದ್ದು ಸೇನಾಪತಿಯನ್ನು. ಒಳ್ಳೆಯವನೇ. ಆದರೆ ತಟ್ಟೆಯ ಮುಂದೆ ಕೂತಾಗಲೆಲ್ಲ, "ನಿಮ್ಮಣ್ಣ ಇನ್ನೂ ಎಷ್ಟು ವರ್ಷ ಕಿರೀಟ ಬಿಡೋದಿಲ್ವಂತೆ?" ಎಂದು ಕೇಳುತ್ತಿದ್ದ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಬರಬರುತ್ತಾ, ಹೇಳಲಿಕ್ಕೇ ನಾಚಿಕೆ, ಅವಳಿಗೂ ಆ ಪ್ರಶ್ನೆ ಸರಿ ಅನ್ನಿಸತೊಡಗಿತು. ರಾಣಿಯ ಪಾತ್ರದವಳು ಮೊಣಕಾಲು ನೋವೆಂದು ಆಗಲೇ ಗೊಣಗುತ್ತಿದ್ದಳು. ಗಂಡ ರಾಜನಾದರೆ ತಾನೂ ಸ್ಟೂಲು ಬಿಟ್ಟು ಬೆಳಕಿಗೆ ಬರಬಹುದಲ್ಲ.

ಒಂದು ಭಾನುವಾರ, ಪೇಪರಿನವರೆಲ್ಲ ಬಂದಿದ್ದ ಆಟದಲ್ಲಿ, ಸತ್ತ ರಾಣಿಯ ಮುಂದೆ ಮಂಡಿಯೂರಿದ್ದ ಅಣ್ಣ ಎಡ ಹೆಗಲಿನ ಶಾಲು ಸರಿಮಾಡಿಕೊಂಡ. ಮಾತು ಪಿಸುವಿನ ನಾಲಿಗೆಯ ತುದಿಯಲ್ಲೇ ಇತ್ತು: "ನನ್ನ ಕೈ ಹಿಡಿದವಳೇ, ಈ ಕೈಯಲ್ಲಿ ಏನಿದೆಯೆಂದು ನೀನು ಒಮ್ಮೆಯೂ ಕೇಳಲಿಲ್ಲ." ಅಣ್ಣ ಮತ್ತೆ ಶಾಲು ಮುಟ್ಟಿದ. ವಿಂಗಿನ ಕಡೆ ನೋಡಿದ. ಪಿಸು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಅಷ್ಟೇ. ವಿಷ ಹಾಕಲಿಲ್ಲ, ಯಾರನ್ನೂ ಮೆಟ್ಟಿಲಿಂದ ತಳ್ಳಲಿಲ್ಲ, ಸುಮ್ಮನಿದ್ದಳು. ಸಭೆಯಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು.

ರಾಜನಿಗೆ ಅರಳುಮರಳು ಎಂದು ಕಂಪನಿಯ ಯಜಮಾನರು ತೀರ್ಮಾನಿಸಿದರು. ಅಣ್ಣ ತಂಗಿಯನ್ನು ಏನೂ ಕೇಳಲಿಲ್ಲ. ಮುಖದ ಬಣ್ಣ ಒರೆಸಿಕೊಂಡು, ಬಾಚಣಿಗೆ ಜೇಬಿಗೆ ಹಾಕಿಕೊಂಡು, "ಹೋಗಿ ಊಟ ಮಾಡು, ತಣ್ಣಗಾಗುತ್ತೆ" ಎಂದು ಹೋದವನು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಸೇತುವೆಯಾಚೆ ಒಂದು ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡತೊಡಗಿದ. ಪಿಸು ಎಷ್ಟೋ ಸಲ ಅಲ್ಲಿಗೆ ಹೋಗಿ, ಎದುರಿನ ಬಸ್ ಸ್ಟಾಪಿನಿಂದಲೇ ಅವನ ಬಗ್ಗಿದ ಬೆನ್ನು ನೋಡಿ ವಾಪಸ್ಸು ಬಂದಿದ್ದಾಳೆ. ಒಂದು ಸಲ ಬೈದಿದ್ದರೆ ಸಾಕಿತ್ತು, ಕಾಲು ಹಿಡಿದುಕೊಳ್ಳಬಹುದಿತ್ತು. ಬೈಯದವನ ಹತ್ತಿರ ಹೋಗುವುದು ಹೇಗೆ?

ಈಗ ಗಂಡ ರಾಜ, ಅವಳು ರಾಣಿ. ಪೋಸ್ಟರಿನಲ್ಲಿ ಇಬ್ಬರ ಮುಖವೂ ಇರುತ್ತದೆ. ಬೇಕೆಂದದ್ದೆಲ್ಲ ಸಿಕ್ಕಿದೆ, ಜೀವಕ್ಕೆ ಮಾತ್ರ ಸಮಾಧಾನವಿಲ್ಲ. ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿ, ಪಕ್ಕದ ಬಾಗಿಲ ಹತ್ತಿರದ ಕುರ್ಚಿಯನ್ನು ಅಣ್ಣನಿಗೆಂದು ಹಿಡಿದಿಡಿಸುತ್ತಾಳೆ, ಟಿಕೆಟ್ಟು ಕಳಿಸುತ್ತಾಳೆ, ಪರದೆಯ ತೂತಿಗೆ ಕಣ್ಣಿಟ್ಟು ನೋಡುತ್ತಾಳೆ. ಕುರ್ಚಿ ಖಾಲಿ. ಇಣುಕಿ ಇಣುಕಿ ಇವಳ ಕಾಡಿಗೆಯೆಲ್ಲ ಪರದೆಗೇ ಮೆತ್ತಿದೆ ಎಂದು ಕಂಪನಿಯವರು ತಮಾಷೆ ಮಾಡುತ್ತಾರೆ.

ಹೊಸ ಸೇನಾಪತಿ ಬಲು ಚುರುಕು. ಸ್ಟೂಲಿನ ಮೇಲೆ ಈಗ ಅವನ ಹೆಂಡತಿ. ರಾಣಿಯ ಉಡುಪಿನ ಬೆನ್ನಿನ ಗುಂಡಿ ಹಾಕಿಕೊಡುವವಳೂ ಅವಳೇ. "ಅಕ್ಕಾ, ಭಾವನವರಿಗೆ ಇತ್ತೀಚೆಗೆ ಸುಸ್ತು ಜಾಸ್ತಿ ಅಲ್ವಾ?" ಎಂದು ಒಂದು ದಿನ ಕೇಳಿದಳು. ಆ ದನಿಯ ಗುರುತು ಪಿಸುವಿಗೆ ಚೆನ್ನಾಗಿತ್ತು. ಅಂದಿನಿಂದ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೊನ್ನೆ ಮಧ್ಯಾಹ್ನದ ಆಟ. ಉಡುಪಿನ ಹೊಲಿಗೆ ಬಿಚ್ಚಿಕೊಂಡು, ಪರದೆಯ ತೂತಿನಿಂದ ನೋಡಲಿಕ್ಕೂ ಪುರುಸೊತ್ತಾಗಿರಲಿಲ್ಲ. ಕೊನೆಯ ಅಂಕದಲ್ಲಿ ಪಿಸು ಸತ್ತು ಮಲಗಿದ್ದಳು. ಉಸಿರು ಕಾಣದ ಹಾಗೆ ಸಾಯುವುದರಲ್ಲಿ ಅವಳು ಎತ್ತಿದ ಕೈ. ಗಂಡ ಮಂಡಿಯೂರಿ, "ನನ್ನ ಕೈ ಹಿಡಿದವಳೇ" ಎಂದ. ಅಲ್ಲಿಗೇ ನಿಂತ. ರೆಪ್ಪೆಯ ಸಂದಿಯಲ್ಲಿ ಅವಳು ನೋಡಿದಳು: ಗಂಡನ ಕೈ ಎಡ ಹೆಗಲಿಗೆ ಹೋಯಿತು. ವಿಂಗಿನಲ್ಲಿ ಆ ಹೆಣ್ಣು ತುಟಿ ಬಿಗಿದು ತಲೆ ತಗ್ಗಿಸಿಕೊಂಡಿತ್ತು. ಪಿಸುವಿನ ಮುಖದ ಮೇಲೆ ನೇರ ಬೆಳಕು. ತುಟಿ ಅಲುಗಿದರೆ ಇಡೀ ಸಭೆಗೆ ಕಾಣುತ್ತಿತ್ತು. ಹೆಣ ಮಾತಾಡುವ ಹಾಗಿಲ್ಲ. ಆಯಿತು, ನಮಗೂ ಸರದಿ ಬಂತು ಎಂದುಕೊಂಡಳು.

ಆಗ ಪಕ್ಕದ ಬಾಗಿಲ ಕಡೆಯಿಂದ ಒಂದು ಪಿಸುದನಿ ಬಂತು. "ಈ ಕೈಯಲ್ಲಿ" ಎಂದು, ಒಂದು ಉಸಿರೆಳೆದು, "ಏನಿದೆಯೆಂದು" ಎಂದಿತು. ಅಲ್ಲಿ ಹಾಗೆ ಉಸಿರೆಳೆಯುವವನು ಜಗತ್ತಿನಲ್ಲಿ ಒಬ್ಬನೇ.

ಗಂಡ ಮಾತು ಹಿಡಿದುಕೊಂಡ, ಎಂದೂ ಆಡದಷ್ಟು ಚೆನ್ನಾಗಿ ಆಡಿದ. ಮುಚ್ಚಿದ ಕಣ್ಣೊಳಗೆ ಪಿಸುವಿಗೆ ನೀರು ತುಂಬಿತು. ಅಣ್ಣ ಬಂದಿದ್ದಾನೆ. ತನ್ನನ್ನು ಕೆಡವಿದವರನ್ನೇ ಎತ್ತಿ ನಿಲ್ಲಿಸಿದ್ದಾನೆ. ಕುರ್ಚಿ ಕಿರುಗುಟ್ಟಿತು. ಹೆಜ್ಜೆ ಸಪ್ಪಳ. ಬಾಗಿಲು ತೆರೆದು ಬಿಸಿಲು ಅವಳ ಕೆನ್ನೆಯವರೆಗೂ ಬಂತು. ಅಣ್ಣಾ ಎಂದು ಒಂದೇ ಸಲ ಕರೆದರೆ ನಿಲ್ಲುತ್ತಾನೆ, ಅವಳಿಗೆ ಗೊತ್ತಿತ್ತು. ಆದರೆ ಸತ್ತ ರಾಣಿ ಎದ್ದು ಕೂತರೆ ನಾಟಕ ನಗೆಪಾಟಲು, ಗಂಡನ ಕಿರೀಟವೂ ತನ್ನದೂ ಇವತ್ತಿಗೇ ಮುಗಿಯಿತು. ಪಿಸು ಮಿಸುಕಾಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ಬಿಸಿಲು ಹೋಯಿತು.

ಪರದೆ ಬಿದ್ದಾಗ ಎಲ್ಲರೂ ಓಡಿಬಂದರು, ಯಜಮಾನರೂ ಬಂದರು. ಸ್ಟೂಲಿನ ಹೆಣ್ಣು ಬಿಳಿಚಿಕೊಂಡು ದೂರ ನಿಂತಿತ್ತು. ಗಂಡ ಅವಳನ್ನು ಕೈಹಿಡಿದು ಎಬ್ಬಿಸಿದ. "ಮಾತು ಎತ್ತಿಕೊಟ್ಟಿದ್ದು ನೀನೇ ತಾನೆ? ನೀನಿಲ್ಲದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು ಕಣೆ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಣ್ಣ ಎಂದು ಹೇಳಲಿಕ್ಕೇ ಅವಳು ಬಾಯಿ ತೆರೆದದ್ದು.

"ಹೌದು," ಎಂದಳು. "ನಾನೇ."