ಕೋಟೆ ಬಾಗಿಲಲ್ಲಿ ಕೂತವನು

ನಮ್ಮ ಯಜಮಾನರ ಮರೆವಿಗಿಷ್ಟು ಬೆಂಕಿ ಹಾಕ! ಒಂದು ಫೋಟೋ ತೆಗೆದ ಮೇಲೆ ಕ್ಯಾಮೆರಾದ ರೀಲು ತಿರುಗಿಸಬೇಕು, ಇಲ್ಲದಿದ್ದರೆ ಮುಂದಿನ ಫೋಟೋ ಅದರ ಮೇಲೆಯೇ ಬಂದು ಕೂರುತ್ತದೆ. ಔರಂಗಾಬಾದಿನಲ್ಲಿ ಸ್ಟುಡಿಯೋ ಇಟ್ಟ ಮನುಷ್ಯನಿಗೆ ಇದನ್ನೂ ನಾನೇ ಹೇಳಿಕೊಡಬೇಕೇ?

ಅರವತ್ತೆಂಟರ ಚಳಿಗಾಲ. ಭಾಲ್ಕಿ ಕಡೆಯಿಂದ ಮಿಲ್ಲಿನ ಕೆಲಸಕ್ಕೆಂದು ನಮ್ಮೂರಿಗೆ ಹೊಸದಾಗಿ ಬಂದಿದ್ದ, ಈರಮ್ಮ ಎಂಬವಳ ಗಂಡ ಜ್ವರ ಬಂದು ತೀರಿಕೊಂಡ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಹಾಗೆ ಕೂತವನ ಫೋಟೋ ತೆಗೆಯಲು ಇವರು ಹೋದರು, ಜೊತೆಗೆ ನಾನೂ. ಅವನನ್ನು ನಾವು ನೋಡಿದ್ದು ಅದೇ ಮೊದಲು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

“ಅಕ್ಕಾರೀ, ಅವ್ರದು ಒಂದೂ ಫೋಟೋ ಇಲ್ರೀ,” ಎಂದು ಈರಮ್ಮ ನನ್ನ ಕೈ ಹಿಡಿದಳು. “ಹೊಟ್ಟ್ಯಾಗಿನ ಕೂಸಿಗಿ ಅಪ್ಪನ ಮುಖ ತೋರಸ್ಬೇಕು. ಕಣ್ಣು ತೆರದಂಗ ಮಾಡಿ ಕೊಡ್ರಿ.”

ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಸತ್ತವರ ಕಣ್ಣು ತೆರೆಸುವುದು ನನ್ನ ಕೆಲಸ. ಆಗಲಿ ಎಂದೆ.

ಮರುದಿನ ಬೆಳಿಗ್ಗೆ ಯಜಮಾನರು ಯಾವುದೋ ಕ್ಯಾಲೆಂಡರಿಗೆಂದು ದೌಲತಾಬಾದ್ ಕೋಟೆಗೆ ಹೋದರು. ಮಂಜು ಕವಿದಿತ್ತಂತೆ, ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಕತ್ತಲ ಸುರಂಗದ ಬಾಗಿಲಿನ ಫೋಟೋ ತೆಗೆದು ನಡುಗುತ್ತ ಮನೆಗೆ ಬಂದರು.

“ಒಳಗಿಂದ ಯಾರೋ ನನ್ನನ್ನೇ ನೋಡ್ಲಿಕತ್ತಂಗ ಆಯ್ತು, ಸಂಗಮ್ಮಾ.”

“ಚಳಿಗಿ ತಲಿ ಕೆಟ್ಟದ ನಿಮ್ಗ. ಚಾ ಕುಡೀರಿ,” ಎಂದೆ.

ಪ್ರಿಂಟು ತೊಳೆದಾಗ ಗೊತ್ತಾಯಿತು, ಮಹಾರಾಯರು ರೀಲು ತಿರುಗಿಸಿಯೇ ಇರಲಿಲ್ಲ. ಕೋಟೆಯ ಕಪ್ಪು ಬಾಗಿಲಲ್ಲಿ ಈರಮ್ಮನ ಗಂಡ ಹಾರ ಹಾಕಿಕೊಂಡು ಕೂತಿದ್ದ. ಅವನನ್ನು ಆಗಲೇ ಮಣ್ಣು ಮಾಡಿಯಾಗಿತ್ತು, ಮತ್ತೆ ಫೋಟೋ ತೆಗೆಯುವ ಹಾಗಿಲ್ಲ. ಹೊಟ್ಟೆ ಉರಿದು ಬಾಯಿಗೆ ಬಂದಂತೆ ಬೈದೆ. ಇವರು ಫೋಟೋದ ಕಡೆ ಬೆರಳು ಮಾಡಿದರು. ಅವನ ಕಣ್ಣು ತೆರೆದಿದ್ದವು.

ನನ್ನ ಕುಂಚ ಇನ್ನೂ ಡಬ್ಬಿಯಲ್ಲೇ ಇತ್ತು. ಶಿವನೇ! ಹರಿದು ಹಾಕೋಣವೆಂದರೆ ಆ ಹೆಣ್ಣುಮಗಳಿಗೆ ಇನ್ನೊಂದು ಫೋಟೋ ಎಲ್ಲಿಂದ ತರುವುದು? ಹಾಗೇ ಇಟ್ಟೆವು.

ಈರಮ್ಮ ಬಂದಳು. ಕೋಟೆ ಯಾಕೆ ಬಂತು ಎಂದು ಕೇಳಲೂ ಇಲ್ಲ, ಫೋಟೋವನ್ನು ಎದೆಗೆ ಒತ್ತಿಕೊಂಡು ಅತ್ತಳು.

“ಥೇಟ್ ಅವ್ರೇ ನೋಡ್ರಿ! ಕಣ್ಣು ಎಷ್ಟು ಚಂದ ಬರದೀರಿ, ಅಕ್ಕಾರೀ.”

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು.

ಫೋಟೋದಲ್ಲಿ ಅವನ ಎಡಗಣ್ಣಿನಲ್ಲಿದ್ದ ಒಂದು ಬಿಳಿ ಚುಕ್ಕೆಯನ್ನು ಈರಮ್ಮ ಬೆರಳಿನಿಂದ ಸವರಿದಳು. “ಸಣ್ಣಾಗಿದ್ದಾಗ ಅವ್ರ ಈ ಕಣ್ಣಿಗಿ ಮುಳ್ಳು ಚುಚ್ಚಿತ್ತಂತ ನಿಮ್ಗ ಯಾರು ಹೇಳಿದ್ರು?”