ಗುರುಬಸಮ್ಮನವರ ಸಿನಿಮಾ ತೀರ್ಪು

ಸಿನಿಮಾ ನೋಡಿ ಬಂದ ಮೇಲೆ ಗುರುಬಸಮ್ಮನವರು ಅದರ ಬಗ್ಗೆ ಆಡುತ್ತಿದ್ದುದು ಒಂದೇ ಮಾತು. ಗಂಡಸರು ಹಿಡಿಯುವಂಥ ದೊಡ್ಡ ಕರಿಯ ಛತ್ರಿಯನ್ನು ಗೋಡೆಗೆ ಒರಗಿಸಿ, ಕಾಲು ತೊಳೆದು, ಒಂದು ಚೊಂಬು ನೀರನ್ನು ಎತ್ತಿ ಕುಡಿದು, ಸೆರಗಿನಿಂದ ಬಾಯೊರಸಿಕೊಂಡ ಮೇಲೆಯೇ ಆ ಮಾತು ಹೊರಡುತ್ತಿತ್ತು. ಅಲ್ಲಿಯವರೆಗೆ ಚಾಮರಾಜಪೇಟೆಯ ನಮ್ಮ ಬೀದಿಯ ಹೆಂಗಸರು ಅಕ್ಕಿಯ ಮೊರವನ್ನು ಮಡಿಲಲ್ಲೇ ಮರೆತು ಜಗಲಿಯ ಸುತ್ತ ಕಾಯುತ್ತಿದ್ದರು.

"ದೇವರಿಗೆ ಮಾತು ಜಾಸ್ತಿ. ಗುಡೀಲಿರೋನೂ ಇಷ್ಟು ಮಾತಾಡಿದ್ರೆ ಯಾರು ಹೋಗ್ತಿದ್ರು?" ಎಂದರೆ ಆ ವಾರದ ಪೌರಾಣಿಕ ಚಿತ್ರದ ವಿಚಾರಣೆ ಮುಗಿದಂತೆ. ತಮಿಳು ಚಿತ್ರವೊಂದಕ್ಕೆ "ಹಾಡು ಚಿನ್ನ; ಕಣ್ಮುಚ್ಕೊಂಡು ನೋಡ್ಬೇಕು" ಎಂದರು. ಊರೆಲ್ಲ ಕಣ್ಣೀರಿಟ್ಟ ಹಿಂದಿ ಚಿತ್ರವನ್ನು ನೋಡಿ ಬಂದು, "ಹದಿನಾರು ರೀಲೂ ಅಳ್ತಾಳೆ, ಒಂದ್ಸಲಾನೂ ಒಲೆ ಹಚ್ಚಲ್ಲ, ಆ ಮನೇಲಿ ಊಟಕ್ಕೇನ್ ಗತಿ?" ಎಂದು ಕೇಳಿದರು. ಕಂಟೋನ್ಮೆಂಟ್ ಕಡೆಯ ಟಾಕೀಸಿನಲ್ಲಿ ಇಂಗ್ಲಿಷ್ ಚಿತ್ರ ನೋಡಿದ ದಿನ, "ಭಾಷೆ ತಿಳೀಲಿಲ್ಲ. ಕುದುರೆ ಚೆನ್ನಾಗ್ ಮಾಡಿದೆ." ಇನ್ನಷ್ಟು ಕೇಳಿದರೆ, "ಉಳಿದಿದ್ದು ನೀವೇ ಹೋಗಿ ನೋಡ್ಕೊಳ್ರಮ್ಮ" ಎಂದು ಎದ್ದುಬಿಡುತ್ತಿದ್ದರು.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮ ಪರಮಶಿವಯ್ಯನ ಮನೆ ಸೇರಿದ್ದ ಜೀವ ಅದು. ಹಣೆಯ ತುಂಬ ವಿಭೂತಿ, ಮಾಸಲು ಕಂದುಬಣ್ಣದ ಸೀರೆ. ಬಲಗಾಲನ್ನು ಕೊಂಚ ಎಳೆದು ಹಾಕುತ್ತಿದ್ದರೂ ಮ್ಯಾಟಿನಿಯ ವೇಳೆಗೆ ಆ ನಡಿಗೆಗೆ ಎಲ್ಲಿಲ್ಲದ ವೇಗ ಬರುತ್ತಿತ್ತು. ವಿಧವೆ ಹೀಗೆ ಚಿತ್ರಮಂದಿರಕ್ಕೆ ಹೋಗುವುದು ಶೋಭೆಯೇ ಎಂದು ನೆಂಟರ ಹಿರಿಯರೊಬ್ಬರು ಆಕ್ಷೇಪಿಸಿದಾಗ ಆಕೆ ಶಾಂತವಾಗಿ ಹೇಳಿದ್ದರಂತೆ: "ಕತ್ತಲಲ್ಲಿ ಕೂತು ಅಭ್ಯಾಸ ಆಗಿದೆ ನನಗೆ. ಅಲ್ಲಾದ್ರೆ ಎದುರಿಗೆ ಒಂದಿಷ್ಟು ಬೆಳಕಿರುತ್ತೆ."

ಪರಮಶಿವಯ್ಯನವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಒಬ್ಬನೇ ಮಗ ವೃಷಭೇಂದ್ರಪ್ಪ ಆ ಅರಿಶಿನ ಹಚ್ಚಿದ ಕಾಗದಗಳ ನಡುವೆ ಕೂರಲೊಲ್ಲದೆ, ನಟನಾಗುತ್ತೇನೆಂದು ಅಪ್ಪನೊಡನೆ ಜಗಳವಾಡಿ ಮದರಾಸಿಗೆ ಹೊರಟುಹೋದ. "ಈ ಹೊಸಿಲೊಳಗೆ ಅವನ ಹೆಸರು ಬರಕೂಡದು" ಎಂದರು ತಂದೆ. ಅವನ ತಾಯಿ ಗಿರಿಜಾಂಬಾ ಅಂದಿನಿಂದ ಮಾತನ್ನೇ ಕಡಿಮೆ ಮಾಡಿದರು. ತಟ್ಟೆ ಇಡುವಾಗ ಮಾತ್ರ ಕೈ ತಪ್ಪಿ ಒಂದು ಹೆಚ್ಚಿಗೆ ಇಟ್ಟು, ಮತ್ತೆ ತೆಗೆದಿಡುತ್ತಿದ್ದರು.

ಐವತ್ತಮೂರರ ಬೇಸಗೆಯಲ್ಲಿ ಬಂದ ರಾಜರಾಣಿಯರ ಚಿತ್ರವೊಂದರಲ್ಲಿ ಹುಡುಗ ಕಾಣಿಸುತ್ತಾನೆಂಬ ಸುದ್ದಿ ಹಬ್ಬಿತು. ಗಿರಿಜಾಂಬಾ ಗಂಡನ ಮಾತು ಮೀರಿ ಹೋಗಲಾರದೆ ಅತ್ತಿಗೆಯ ಮುಖ ನೋಡಿದರು. ಗುರುಬಸಮ್ಮನವರು ಛತ್ರಿ ಎತ್ತಿಕೊಂಡರು.

ಅಂದು ಸಂಜೆ ಪರಮಶಿವಯ್ಯ ಅಂಗಡಿಯಿಂದ ಬೇಗನೆ ಬಂದು, ಸೆಖೆಯ ನೆಪ ಹೇಳಿ ಜಗಲಿಯ ಮೇಲೆ ಕುಳಿತಿದ್ದರು. ಅಕ್ಕ ಬಂದವರು ಕಾಲು ತೊಳೆಯಲಿಲ್ಲ, ನೀರು ಕೇಳಲಿಲ್ಲ.

"ಅಭಿನಯ ಬರಲ್ಲ ಅವನಿಗೆ."

"ನಾನು ಆಗ್ಲೇ ಹೇಳಿರ್ಲಿಲ್ವೇ ಅಕ್ಕಯ್ಯ?" ತಮ್ಮನ ದನಿಯಲ್ಲಿ ಗೆಲುವಿತ್ತು.

ಆಗ, ನಮ್ಮ ಬೀದಿ ಎಂದೂ ಕೇಳಿರದ ಆ ಎರಡನೆಯ ಮಾತು ಬಂತು. "ಪೂರಾ ಕೇಳೋ ಪರಮಶಿವು. ರಾಜನ ಮನೆ ಊಟದಲ್ಲಿ ಪಂಕ್ತಿ ಕೊನೇಲಿ ಕೂತಿದಾನೆ. ಬೇರೆಯೋರೆಲ್ಲ ಉಂಡ ಹಾಗೆ ಮಾಡ್ತಾರೆ. ಇವನು ನಿಜವಾಗ್ಲೂ ಉಣ್ತಾನೆ. ರಾಜ ಮಾತಾಡ್ತಿದ್ರೂ ತಲೆ ಎತ್ತಲ್ಲ ಕಣೋ."

ಒಳಗೆ ಗಿರಿಜಾಂಬಾ ಹೆಚ್ಚಿಗೆ ಇಟ್ಟ ತಟ್ಟೆಯನ್ನು ಅಂದು ತೆಗೆದಿಡಲಿಲ್ಲ. ಪರಮಶಿವಯ್ಯ ಜಗಲಿಯಿಂದ ಎದ್ದು ಹೋದರು. ಮರುದಿನ, ಜನ್ಮದಲ್ಲಿ ಟಾಕೀಸಿನ ಮೆಟ್ಟಿಲು ಹತ್ತದಿದ್ದವರು ಅಂಗಡಿಯ ಕೋಟು ತೊಟ್ಟುಕೊಂಡೇ ಹೋಗಿ ಆ ಚಿತ್ರ ನೋಡಿದರು. ಊಟದ ದೃಶ್ಯ ಮುಗಿಯುವ ಮುನ್ನವೇ ಹೊರಗೆ ಬಂದು, ಮನೆಗೂ ತಿಳಿಸದೆ ಮದರಾಸಿನ ರೈಲು ಹಿಡಿದರು.

ಅಪ್ಪನೊಂದಿಗೆ ಹುಡುಗ ಬಂದ. ಬಟ್ಟೆಯೊಳಗೆ ಆಳಿದ್ದಾನೋ ಇಲ್ಲವೋ ಎಂಬಂತೆ ಇಳಿದುಹೋಗಿದ್ದ. ಎಲ್ಲರೂ ಉಣ್ಣುತ್ತಿದ್ದಾಗ ಅವನೇ ತಲೆ ತಗ್ಗಿಸಿ ಕೇಳಿದ: "ಅತ್ತೆ, ನನ್ನ ಪಾರ್ಟು ನೋಡಿದ್ರಂತೆ. ಹೇಗಿತ್ತು?"

ಯಾವ ದೇವರಿಗೂ ಯಾವ ರಾಜನಿಗೂ ದಾಕ್ಷಿಣ್ಯ ತೋರದಿದ್ದ ಗುರುಬಸಮ್ಮನವರು ಅಂದು ತೀರ್ಪು ಕೊಡಲಿಲ್ಲ. "ಇನ್ನೊಂದು ರೊಟ್ಟಿ ಹಾಕ್ಲೇನೋ?" ಎಂದರು, ಅವನು ಉತ್ತರಿಸುವ ಮುನ್ನವೇ ಹಾಕಿದರು.

ಮೆಚ್ಚುವುದಕ್ಕೂ ಹಳಿಯುವುದಕ್ಕೂ ಲೋಕದಲ್ಲಿ ನಾಲಗೆಗಳಿಗೆ ಬರವಿಲ್ಲ. ಆದರೆ ನಾಯಕನ ಮೇಲೆ ಎಲ್ಲರ ಕಣ್ಣು ನೆಟ್ಟಿರುವಾಗ ಪಂಕ್ತಿಯ ಕೊನೆಯವನ ಹಸಿವನ್ನು ಕಾಣಬಲ್ಲವರು ಕೆಲವರಿರುತ್ತಾರೆ. ಅವರ ಮಾತು ಒರಟು, ಮೆಚ್ಚುಗೆ ದುರ್ಲಭ. ಅಂಥವರು ಮನೆಗೊಬ್ಬರಿದ್ದರೆ, ದೂರ ಹೋದವರಿಗೆ ದಾರಿ ಪೂರ್ತಿ ಮುಚ್ಚಿಹೋಗುವುದಿಲ್ಲ.